ಮಲೆನಾಡಿನ ಇಬ್ಬನಿಯೂ ದೂರದರ್ಶಕದ ಗಾಜುಗಳ ಸಂರಕ್ಷಣೆಯೂ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಹೊರನಾಡುಗಳ ಕಾಫಿಮಲೆಗಳಲ್ಲಿ ನಕ್ಷತ್ರವೀಕ್ಷಣೆಗೆ ಅತ್ಯಂತ ಅನುಕೂಲವಾದ ಕಾಲವೆಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ. ಆಕಾಶವು ಆಗ ನಿರ್ಮಲವಾಗಿರುತ್ತದೆ. ಆದರೆ ಇಬ್ಬನಿಯು ಹೇರಳವಾಗಿ ಕೂಡುವ ಕಾಲವೂ ಅದೇ. ಅನಂತರ ಮಳೆ ಹಿಡಿಯಿತೆಂದರೆ ಉಪಕರಣವು ನಾಲ್ಕೈದು ತಿಂಗಳು ಪೆಟ್ಟಿಗೆಯಲ್ಲಿಯೇ ಇರಬೇಕಾಗುತ್ತದೆ. ಇಂತಹ ಸೀಮೆಯಲ್ಲಿ ದೂರದರ್ಶಕವು ಕೆಡುವುದು ಬಹುಮಟ್ಟಿಗೆ ಹೊರಗೆ ಇಬ್ಬನಿಯಲ್ಲಿ ನಿಂತಾಗ ಅಲ್ಲ, ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಇಬ್ಬನಿ 'ಬೀಳುತ್ತದೆ' ಎಂದು ಆಡುವುದು ರೂಢಿ. ಅದು ಮೇಲಿನಿಂದ ಬೀಳುವ ವಸ್ತುವಲ್ಲವೆಂಬುದನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪಷ್ಟಪಡಿಸಿದನು. ಹಲಗೆಯ ಮೇಲೆ ಇಟ್ಟ ಉಣ್ಣೆಯು ಹೆಚ್ಚು ತೇವವನ್ನೂ, ಅದೇ ಹಲಗೆಯ ಕೆಳಗೆ ಇಟ್ಟ ಉಣ್ಣೆಯು ಕಡಿಮೆ ತೇವವನ್ನೂ ಪಡೆಯುವುದನ್ನು ಅವನು ತೂಗಿ ನೋಡಿದ್ದನು. ಬಯಲಿಗೆ ತೆರೆದ ವಸ್ತುವು ನಿರಭ್ರವಾದ ಆಕಾಶಕ್ಕೆ ಶಾಖವನ್ನು ವಿಕಿರಣಮಾಡಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ಉಷ್ಣತೆಯು ಇಬ್ಬನಿಬಿಂದುವಿಗಿಂತ ಕೆಳಗಿಳಿದಾಗ ಗಾಳಿಯಲ್ಲಿನ ಆವಿಯು ಅದರ ಮೇಲೆ ಹನಿಗಟ್ಟುತ್ತದೆ. ಸಂಜೆಯಾಗುತ್ತಲೆ ಕಣದಲ್ಲಿ ಹರಡಿದ ಕಾಫಿಯನ್ನು ಗುಡ್ಡೆಮಾಡಿ ಟಾರ್ಪಾಲಿನು ಹೊದಿಸುವ ಬೆಳೆಗಾರನು ಈ ತತ್ತ್ವವನ್ನು ಓದದೆಯೇ ಆಚರಿಸುತ್ತಿದ್ದಾನೆ.

ಗಾಳಿಯ ಉಷ್ಣತೆ 18 ಡಿಗ್ರಿ ಸೆಂಟಿಗ್ರೇಡ್, ಸಾಪೇಕ್ಷ ಆರ್ದ್ರತೆ ನೂರಕ್ಕೆ 85 ಇದೆಯೆನ್ನೋಣ. ಆಗ ಇಬ್ಬನಿಬಿಂದು ಸುಮಾರು 15.4 ಡಿಗ್ರಿ. ಎಂದರೆ ಮಸೂರವು ಗಾಳಿಗಿಂತ ಎರಡೂವರೆ ಡಿಗ್ರಿಯಷ್ಟು ತಣ್ಣಗಾದರೆ ಸಾಕು, ಅದರ ಮೇಲೆ ಮಂಜು ಕವಿಯುತ್ತದೆ. ಕೊಳವೆಯ ತುದಿಯಲ್ಲಿ ಆಕಾಶಕ್ಕೆ ಮುಖಮಾಡಿರುವ ಗಾಜು ಇಷ್ಟು ತಣ್ಣಗಾಗಲು ಹೆಚ್ಚು ಹೊತ್ತು ಬೇಡ. ಮಸೂರದ ವ್ಯಾಸದ ಒಂದೂವರೆಯಿಂದ ಎರಡರಷ್ಟು ಉದ್ದದ, ಒಳಗೆ ಕಪ್ಪು ಬಳಿದ ರಟ್ಟಿನ ಕೊಳವೆಯನ್ನು ಮುಂದಕ್ಕೆ ತೊಡಿಸಿದರೆ ಗಾಜಿಗೆ ಕಾಣುವ ಆಕಾಶವು ಕಿರಿದಾಗಿ ಮಂಜು ಕವಿಯುವುದು ತಡವಾಗುತ್ತದೆ. ನ್ಯೂಟನ್ ಮಾದರಿಯ ದೂರದರ್ಶಕದಲ್ಲಿ ಮುಖ್ಯ ದರ್ಪಣವು ಕೊಳವೆಯ ತಳದಲ್ಲಿರುವುದರಿಂದ ಅದಕ್ಕೆ ಈ ರಕ್ಷಣೆ ತಾನಾಗಿಯೇ ಒದಗಿದೆ. ಅಲ್ಲಿ ಮೊದಲು ಮಂಜಾಗುವುದು ಮೇಲಿನ ಚಿಕ್ಕ ದರ್ಪಣ. ಮಂಜು ಕವಿದ ಗಾಜನ್ನು ಬಟ್ಟೆಯಿಂದ ಒರೆಸುವ ಚಪಲವನ್ನು ಮಾತ್ರ ಬಿಡಲೇಬೇಕು. ಕುಯ್ಲಿನ ಕಾಲದ ಕೆಂಧೂಳು ಆ ನೀರಿನಲ್ಲಿ ಸೇರಿಕೊಂಡಿರುತ್ತದೆ. ಒರೆಸುವ ಬಟ್ಟೆಯು ಮರಳುಕಾಗದದ ಕೆಲಸವನ್ನು ಮಾಡುತ್ತದೆ.

ಇಬ್ಬನಿಯು ಬಹುಪಾಲು ಶುದ್ಧವಾದ ನೀರು. ಹಾಗೆಯೇ ಆರಿಹೋಗಲು ಬಿಟ್ಟರೆ ಧೂಳಿನ ಕಲೆಗಳಿಗಿಂತ ಹೆಚ್ಚಿನ ಹಾನಿಯಿಲ್ಲ. ಹಾನಿಯು ಮೊದಲಾಗುವುದು ಆ ನೀರಿನೊಡನೆಯೇ ಮುಚ್ಚಳ ಹಾಕಿದಾಗ. 15 ಸೆಂಟಿಮೀಟರ್ ವ್ಯಾಸದ ಗಾಜಿನ ಮೇಲೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ದಪ್ಪ ನೀರಿದ್ದರೆ ಅದರ ತೂಕ ಸುಮಾರು 0.9 ಗ್ರಾಂ. ಐವತ್ತು ಲೀಟರು ಹಿಡಿಸುವ ಪೆಟ್ಟಿಗೆಯ ಗಾಳಿಯನ್ನು, ಅದು ಮೊದಲು ಎಷ್ಟೇ ಒಣಗಿರಲಿ, 20 ಡಿಗ್ರಿಯಲ್ಲಿ ಸಂತೃಪ್ತಗೊಳಿಸಲು ಇಷ್ಟೇ ನೀರು ಸಾಕು. ಒಳಗಣ ಮಖಮಲ್ಲಿನ ಹೊದಿಕೆಯೂ ಚರ್ಮದ ಚೀಲವೂ ತೇವವನ್ನು ಹೀರಿ ದಿನಗಟ್ಟಲೆ ಇಟ್ಟುಕೊಳ್ಳುತ್ತವೆ. ನೋಡಲು ಅಂದವಾದ ಈ ಪೆಟ್ಟಿಗೆಗಳು ಬೂಷ್ಟಿಗೆ ಒಳ್ಳೆಯ ತೊಟ್ಟಿಲುಗಳೆಂದೇ ನಾವು ಹೇಳಬೇಕಾಗಿದೆ.

ಬೂಷ್ಟಿನ ಬೀಜಾಣುಗಳು ಎಲ್ಲೆಡೆಯೂ ಇವೆ. ಧೂಳು, ಬೆರಳಿನ ಜಿಡ್ಡು, ಮಸೂರಗಳನ್ನು ಕೂಡಿಸುವ ಅಂಟು ಇವೇ ಅವಕ್ಕೆ ಆಹಾರ. ಸಾಪೇಕ್ಷ ಆರ್ದ್ರತೆಯು ನೂರಕ್ಕೆ 70ನ್ನು ಮೀರಿ ಬಹುಕಾಲ ನಿಂತರೆ ಅವು ಜೇಡನ ಬಲೆಯಂತೆ ಹರಡುತ್ತವೆ. ಅವು ಒಸರುವ ಆಮ್ಲಗಳು ಗಾಜಿನ ಮೈಯನ್ನೇ ಕೊರೆಯುತ್ತವೆ. ದರ್ಪಣಕ್ಕೆ ಈ ಗತಿ ಬಂದರೆ ಉಪಾಯವಿಲ್ಲದಿಲ್ಲ. ಅದರ ಅಲ್ಯೂಮಿನಿಯಂ ಲೇಪವು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ತೆಳುವಾದದ್ದು. ಕೆಟ್ಟರೆ ಅದನ್ನು ತೆಗೆದು, ನಿರ್ವಾತದಲ್ಲಿ ಹೊಸದಾಗಿ ಲೇಪಿಸಬಹುದು. ದೊಡ್ಡ ವೀಕ್ಷಣಾಲಯಗಳಲ್ಲಿ ಇದು ಕಾಲಕಾಲಕ್ಕೆ ನಡೆಯುವ ಕೆಲಸವೇ ಆಗಿದೆ. ಆದರೆ ಬೂಷ್ಟು ಕೊರೆದ ಮಸೂರದ ಮೈಯನ್ನು ಮತ್ತೆ ಉಜ್ಜಿ ನಯಗೊಳಿಸುವುದು ಕಾಲೇಜುಗಳ ಶಕ್ತಿಗೆ ಮೀರಿದ್ದು. ಆದ್ದರಿಂದ ಮಸೂರದ ವಿಷಯದಲ್ಲಿ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ವೀಕ್ಷಣೆ ಮುಗಿದಾಗ ಗಾಜು ತಣ್ಣಗಿದ್ದರೂ ಒಣಗಿದ್ದರೆ, ಹೊರಗೇ ಮುಚ್ಚಳ ಹಾಕಿ ಒಳತಂದು, ಕೋಣೆಯ ಉಷ್ಣತೆಗೆ ಬಂದಮೇಲೆ ತೆರೆಯಬೇಕು. ಇಲ್ಲವಾದರೆ ಕೋಣೆಯ ಬೆಚ್ಚನೆಯ ಗಾಳಿಯೇ ಅದರ ಮೇಲೆ ಹನಿಗಟ್ಟುತ್ತದೆ. ಗಾಜು ಆಗಲೇ ಒದ್ದೆಯಾಗಿದ್ದರೆ ಮುಚ್ಚಳವನ್ನು ಹಾಕಕೂಡದು. ಕೊಳವೆಯ ಬಾಯನ್ನು ತುಸು ಕೆಳಕ್ಕೆ ಬಾಗಿಸಿ, ಗಾಳಿಯಾಡುವ ಕೋಣೆಯಲ್ಲಿ ಪೂರ್ತಿ ಒಣಗುವವರೆಗೆ ತೆರೆದಿಡಬೇಕು. ಬಿಸಿಲಿನಲ್ಲಿ ಒಣಗಿಸುವುದು ಸಲ್ಲದು. ಸೂರ್ಯನ ಕಡೆ ತಿರುಗಿದ ಮಸೂರವು ಬೆಂಕಿಯನ್ನೇ ಹೊತ್ತಿಸೀತು.

ಮಳೆಗಾಲದ ಸಂಗ್ರಹಣೆಗೆ ಕಪಾಟಿನಲ್ಲಿ ದೀಪವನ್ನು ಉರಿಸಿಡುವುದು ಹಳೆಯ ಕ್ರಮ. 22 ಡಿಗ್ರಿಯಲ್ಲಿ ನೂರಕ್ಕೆ 95 ಆರ್ದ್ರತೆಯಿರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಆರ್ದ್ರತೆಯು 60ರ ಆಸುಪಾಸಿಗೆ ಇಳಿಯುತ್ತದೆ. ಕ್ರಮವೇನೋ ಒಳ್ಳೆಯದೆ; ಆದರೆ ಆಷಾಢದ ಗಾಳಿಗೆ ಮರ ಉರುಳಿ ವಿದ್ಯುತ್ತು ಹೋದರೆ ದೀಪವೂ ಇಲ್ಲ, ಶಾಖವೂ ಇಲ್ಲ. ಅದಕ್ಕಿಂತ, ರಬ್ಬರು ಪಟ್ಟಿಯುಳ್ಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದನ್ನೇ ನಾವು ಮೆಚ್ಚುತ್ತೇವೆ. ಅದು ತನ್ನ ತೂಕದ ಐದನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ನೀರನ್ನು ಹೀರಬಲ್ಲದು. ನೀಲಿ ಹರಳು ನಸುಗೆಂಪಾದಾಗ ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಈ ನೀಲಿಗೆ ಕಾರಣವಾದ ಕೋಬಾಲ್ಟ್ ಲವಣವು ವಿಷಕಾರಿಯಾದುದರಿಂದ ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬಾರದು. ಪೆಟ್ಟಿಗೆಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ಒಪ್ಪಿಸುವುದು ಲೇಸು. ಎಲ್ಲರ ಹೊಣೆಯಾದದ್ದನ್ನು ರಜೆಯಲ್ಲಿ ಯಾರೂ ನೋಡುವುದಿಲ್ಲ.

ಇದೇ ಜಿಲ್ಲೆಯ ಪೂರ್ವಭಾಗದಲ್ಲಿರುವ ಕಡೂರು ಮಳೆಯ ಮರೆಯಲ್ಲಿರುವ ಒಣಸೀಮೆ. ಅಲ್ಲಿನ ಕಾಲೇಜಿನೊಡನೆ ಒಪ್ಪಂದ ಮಾಡಿಕೊಂಡು, ಮಲೆಯ ದೂರದರ್ಶಕವನ್ನು ಮೇ ತಿಂಗಳ ಕೊನೆಗೆ ಅಲ್ಲಿಗೆ ಕಳುಹಿಸಿ ನವೆಂಬರಿನಲ್ಲಿ ಮರಳಿ ತರಿಸಿಕೊಳ್ಳುವುದೂ ಆಗದ ಮಾತಲ್ಲ. ಮಳೆಯಿಲ್ಲದ ರಾತ್ರಿಗಳಲ್ಲಿ ಕಡೂರಿನ ವಿದ್ಯಾರ್ಥಿಗಳಿಗೆ ಶನಿ, ಗುರುಗಳ ದರ್ಶನವೂ ಆದೀತು.