ಗ್ಯಾಸು ಎಲ್ಲಿಗೆ ಹೋಯಿತು?

ವೈಶಾಖದ ಬಿಸಿಲಿನಲ್ಲಿ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಮಾರ್ಗವಾಗಿ ಹೊಸಕೋಟೆಗೆ ಹೊರಟ ಹಳೆಯ ಕಾರಿನ ಹವಾನಿಯಂತ್ರಣ ಕೈಕೊಟ್ಟಿತೆನ್ನಿ. ಮನೆಯ ಯಜಮಾನರ ಮೊದಲ ಮಾತು, ‘ಗ್ಯಾಸು ಮುಗಿದಿರಬೇಕು’ ಎಂಬುದು. ಪೆಟ್ರೋಲಿನಂತೆ ಅದೂ ಉರಿದು ಮುಗಿಯುವುದೆಂಬ ನಂಬಿಕೆಯಿಂದ ಎಷ್ಟೋ ಸಂಸಾರಗಳು ವರ್ಷವರ್ಷವೂ ದಂಡ ತೆರುತ್ತವೆ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಈ ಗ್ಯಾಸು ಕಡಮೆಯಾಯಿತೆಂದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ.

ಸೋರಿಕೆಯೊಂದೇ ಕಾರಣವೆಂದೂ ಅಲ್ಲ. ಗುಂಡಿ ಒತ್ತಿದಾಗ ಕಂಪ್ರೆಸರಿನ ಕ್ಲಚ್ಚು ‘ಟಕ್’ ಎನ್ನುವುದೇ? ಮುಂಭಾಗದ ಕಂಡೆನ್ಸರಿಗೆ ಕೆಂಪು ಧೂಳು ಮೆತ್ತಿದೆಯೇ? ಕಾರು ಓಡುವಾಗ ತಂಪು, ನಿಂತಾಗ ಸೆಕೆ ಎಂದಾದರೆ ಫ್ಯಾನನ್ನು ಸಂಶಯಿಸಬೇಕು.

ಸೋರಿಕೆಗೆ ಗುರುತುಂಟು. ಗ್ಯಾಸಿನೊಡನೆ ಎಣ್ಣೆಯೂ ಹೊರಬರುವುದರಿಂದ ಜೋಡಣೆಯಲ್ಲಿ ಜಿಡ್ಡು ಕಾಣುತ್ತದೆ. ಬಲ್ಲ ಮೆಕ್ಯಾನಿಕ್ಕು ನೈಟ್ರೋಜನ್ ತುಂಬಿ, ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುವುದನ್ನು ನೋಡುತ್ತಾನೆ. ದುರಸ್ತಿಯಾದ ಮೇಲೆ ಡ್ರೈಯರ್ ಬದಲಿಸಿ, ಪಂಪಿನಿಂದ ಒಳಗಿನ ಗಾಳಿ–ತೇವಗಳನ್ನು ಹೀರಿ ತೆಗೆದೇ ಗ್ಯಾಸು ತುಂಬಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ, ಉಳಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ದೇವನಹಳ್ಳಿಯವರೆಗೆ ತಣ್ಣಗಿದ್ದ ಗಾಳಿ ಬಿಸಿಯಾಗಿ, ಕಾಫಿಗೆ ನಿಂತು ಹೊರಟೊಡನೆ ಮತ್ತೆ ತಣ್ಣಗಾಗುವ ವಿನೋದ ಇದರದೇ!

ತೀರ ಹಳೆಯ ಕಾರುಗಳದು ಇನ್ನೊಂದು ತೊಡಕು. ಅವುಗಳಲ್ಲಿದ್ದ ಆರ್-12 ಓಜೋನ್ ಪದರಕ್ಕೆ ಮಾರಕ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ 2010ರ ವೇಳೆಗೆ ನಮ್ಮ ದೇಶದಲ್ಲಿಯೂ ಅದರ ತಯಾರಿಕೆ ನಿಂತಿತು. ಬದಲಿಗೆ ಬಂದ ಆರ್-134ಎ ಹಳೆಯ ಖನಿಜ ತೈಲದೊಡನೆ ಬೆರೆಯದು. ಎಣ್ಣೆ ಬದಲಿಸದೆ ತುಂಬಿದರೆ ಕಂಪ್ರೆಸರೇ ಸವೆದು ಹಾಳಾಗಬಹುದು. ಬಾನೆಟ್ಟಿನ ಕೆಳಗೆ ಗ್ಯಾಸಿನ ಹೆಸರು, ತೂಕಗಳ ಚೀಟಿ ಅಂಟಿಸಿದ್ದರೆ, ಸಿಲಿಂಡರು ತೆರೆಯುವ ಮುನ್ನ ಅದನ್ನೊಮ್ಮೆ ಓದಿಸುವುದು ಲೇಸು.