ಜೋಪಾನವಾಗಿ ಓಡಿಸಿದರೆ ಬೈಕ್ ಸುರಕ್ಷಿತವೇ?

ಪ್ರಶ್ನೆ: ಎಚ್ಚರಿಕೆಯಿಂದ ಓಡಿಸಿದರೆ ಬೈಕೂ ಕಾರಿನಷ್ಟೇ ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ಅಪಾಯ ಖಂಡಿತ ತಗ್ಗುತ್ತದೆ, ಆದರೆ ಕಾರಿನ ಮಟ್ಟಕ್ಕೆ ಇಳಿಯದು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಹೊರಬಂದ ಹರ್ಟ್ ವರದಿಯ ಪ್ರಕಾರ, ಬೇರೆ ವಾಹನದೊಡನೆ ಆದ ಡಿಕ್ಕಿಗಳಲ್ಲಿ ಮೂರನೇ ಎರಡು ಪಾಲು ಆ ಇನ್ನೊಂದು ವಾಹನದವರದೇ ತಪ್ಪು. ಎಷ್ಟೋ ಸಲ ಬೈಕ್ ಅವರ ಕಣ್ಣಿಗೇ ಬಿದ್ದಿರಲಿಲ್ಲ. ನಮ್ಮ ಸರ್ಕಲ್‌ಗಳಲ್ಲಿ ಇಂಡಿಕೇಟರ್ ಹಾಕದೆ ಬಲಕ್ಕೆ ಹೊರಳುವ ಕಾರನ್ನೇ ನೋಡಿ. ಅದರ ಮುಂದಿನ ಚಕ್ರ ತಿರುಗುವುದನ್ನು ಗಮನಿಸುವವರು ಒಂದು ಕ್ಷಣ ಮೊದಲೇ ಬ್ರೇಕ್ ಹಿಡಿಯುತ್ತಾರೆ. ಜಾಗರೂಕತೆಯ ಲಾಭ ಅಲ್ಲಿದೆ. ಆದರೆ ಸಿಗ್ನಲ್‌ನಲ್ಲಿ ತೆಪ್ಪಗೆ ನಿಂತವರಿಗೆ ಹಿಂದಿನಿಂದ ಲಾರಿ ಗುದ್ದಿದರೆ? ಕಾರಿನವರ ಸುತ್ತ ಉಕ್ಕಿನ ಗೂಡಿದೆ, ನಿಮ್ಮ ಪಾಲಿಗೆ ಹೆಲ್ಮೆಟ್. ಅಪಘಾತದಲ್ಲಿ ಸಾಯುವ ಸಾಧ್ಯತೆಯನ್ನು ಅದು ಸುಮಾರು ಶೇ. 42ರಷ್ಟು ಇಳಿಸುತ್ತದೆ, ತಲೆಯ ಮೇಲಿದ್ದರೆ. ಟ್ಯಾಂಕಿನ ಮೇಲಿದ್ದರೆ ಪೊಲೀಸರಿಗೆ ತೋರಿಸಲಷ್ಟೇ ಬಂತು.