ಮುರುಗಲು ಇರಲಿ, ಮಾತ್ರೆ ಯಾಕೆ?

ಬೇಸಿಗೆಯಲ್ಲಿ ಮಲೆನಾಡಿನ ತುಮರಿ ಸೀಮೆಯ ಅಂಗಳಗಳಲ್ಲಿ ಒಣಗುವ ಮುರುಗಲು ಸಿಪ್ಪೆಗೆ ಈಗ ‘ಆ್ಯಂಟಿಆಕ್ಸಿಡೆಂಟ್’ ಎಂಬ ಬಿರುದು ಸಿಕ್ಕಿದೆ. ಫ್ರೀ ರಾಡಿಕಲ್‌ಗಳನ್ನು ಕೊಂದಷ್ಟೂ ಆರೋಗ್ಯ ಎಂಬ ನಂಬಿಕೆಯೇ ಇದರ ಬೆನ್ನಿಗಿದೆ. ಆದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಈ ಚುರುಕು ಕಣಗಳನ್ನು ದೇಹ ಬೇಕೆಂದೇ ತಯಾರಿಸುತ್ತದೆ. ತೋಟದಲ್ಲಿ ಅಂಗಾಲಿಗೆ ಮುಳ್ಳು ಚುಚ್ಚಿ ರೋಗಾಣು ಒಳಹೊಕ್ಕಿತೆನ್ನಿ. ಬಿಳಿ ರಕ್ತಕಣ ಅದನ್ನು ನುಂಗಿ ಪುಟ್ಟ ಚೀಲವೊಂದರಲ್ಲಿ ಕೂಡಿಹಾಕುತ್ತದೆ. ಕೂಡಲೇ ಆ ರಕ್ತಕಣದ ಆಮ್ಲಜನಕದ ಬಳಕೆ ಹಲವು ಪಟ್ಟು ಏರುತ್ತದೆ. ಚೀಲದ ಪೊರೆಯಲ್ಲಿರುವ ಕಿಣ್ವ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಸೇರಿಸಿ, ಸೂಪರ್‌ಆಕ್ಸೈಡ್ ಎಂಬ ರಾಡಿಕಲ್ ಮಾಡಿ, ರೋಗಾಣುವನ್ನು ಕೊಲ್ಲಲು ಒಳಗೆ ಸುರಿಯುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಮಕ್ಕಳನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸೋಂಕು ಮತ್ತೆ ಮತ್ತೆ ಕಾಡುತ್ತದೆ. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕೂಡ ಫ್ರೀ ರಾಡಿಕಲ್ಲೇ. ಅದರ ಪಾತ್ರವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಹಾಗಾದರೆ ಇವುಗಳಿಂದ ಹಾನಿಯೇ ಇಲ್ಲವೇ? ಖಂಡಿತ ಇದೆ. ಮುಪ್ಪಿಗೆ ಇವೇ ಕಾರಣವೆಂದು ವಿಜ್ಞಾನಿ ಡೆನ್ಹ್ಯಾಮ್ ಹಾರ್ಮನ್ 1956ರಲ್ಲೇ ವಾದಿಸಿದ್ದರು. ಆ ವಾದ ಪೂರ್ತಿ ನಿಲ್ಲದಿದ್ದರೂ, ಮಿತಿಮೀರಿದ ರಾಡಿಕಲ್‌ಗಳು ಡಿಎನ್‌ಎಯನ್ನೂ ಜೀವಕೋಶದ ಪೊರೆಯನ್ನೂ ಕೆಡಿಸುವುದು ನಿಜ. ಅಡಿಕೆಯನ್ನೇ ನೋಡಿ. ಅದರ ಪಾಲಿಫಿನಾಲ್‌ಗಳಿಗೂ ಆ್ಯಂಟಿಆಕ್ಸಿಡೆಂಟ್ ಎಂಬ ಹೆಸರಿದೆ. ಸುಣ್ಣ ಹಚ್ಚಿ ಅಗಿದಾಗ ಆ ಕ್ಷಾರದಲ್ಲಿ ಅವೇ ಬಾಯೊಳಗೆ ರಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಅಡಿಕೆಯಿಂದಲೇ ಬದುಕುವ ಸೀಮೆಗೆ ಇದು ಕಹಿ ಮಾತು, ಆದರೂ ಆಡಲೇಬೇಕು. ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ಹೆಸರಿನಲ್ಲಿಲ್ಲ. ಎಲ್ಲಿ, ಎಷ್ಟು, ಯಾವುದರ ಜೊತೆ ಎಂಬುದರಲ್ಲಿದೆ.

ಆ್ಯಂಟಿಆಕ್ಸಿಡೆಂಟ್ ಹೆಚ್ಚು ತಿಂದರೆ ನಷ್ಟವೇನು ಎನ್ನುವವರಿಗೆ ಪ್ರಯೋಗಗಳೇ ಉತ್ತರ ಕೊಟ್ಟಿವೆ. ಅಡಿಕೆ ಕೊಯ್ಯುವ ಕೊನೆಗಾರ ಮರ ಏರುವಾಗ ಅವನ ಸ್ನಾಯುಗಳಲ್ಲಿ ರಾಡಿಕಲ್‌ಗಳು ಹೆಚ್ಚುತ್ತವೆ. ಸ್ನಾಯು ಬಲಗೊಳ್ಳಲು ಅದೂ ಒಂದು ಸೂಚನೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ವ್ಯಾಯಾಮದ ಜೊತೆಗೆ ದಿನಕ್ಕೆ 1 ಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಎಂಬ ಆ್ಯಂಟಿಆಕ್ಸಿಡೆಂಟ್‌ಗಳನ್ನು ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಬೀಟಾ ಕ್ಯಾರೊಟಿನ್ ಎಂಬ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಇದರರ್ಥ ಮುರುಗಲು, ನೆಲ್ಲಿ, ಒಂದೆಲಗವನ್ನು ಬಿಡಬೇಕೆಂದಲ್ಲ. ಊಟದಲ್ಲಿ ಸೇರುವ ಪ್ರಮಾಣ ಬೇರೆ, ಮಾತ್ರೆಯೊಳಗೆ ತುಂಬಿದ ಪ್ರಮಾಣ ಬೇರೆ. ಮುರುಗಲು ಪಾನಕವನ್ನು ಬಾಯಾರಿಕೆಗೆ, ರುಚಿಗೆ ಧಾರಾಳ ಕುಡಿಯಿರಿ. ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ, ಬೀಡಿ ಸಿಗರೇಟು ಸೇದುವವರಂತೂ ಬೀಟಾ ಕ್ಯಾರೊಟಿನ್ ಮಾತ್ರೆ ಮುಟ್ಟಲೇಬೇಡಿ.